ಮಳೆ ರಜೆಯ ಸುದ್ದಿ ತಲುಪುವ ಮನೆಗೆ ವಿಜ್ಞಾನದ ಸುದ್ದಿಯೂ ತಲುಪಲಿ

ಕೊಡಗು ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಜಿಲ್ಲೆಯಲ್ಲಿರುವ ಎಲ್ಲ ಸಂಶೋಧನಾ ಕೇಂದ್ರಗಳ ಮುಖ್ಯಸ್ಥರಿಗೆ,

ನಮಸ್ಕಾರ.

ಜುಲೈ ತಿಂಗಳ ಸಂಜೆ ಏಳರ ಸುಮಾರಿಗೆ ನಮ್ಮ ಜಿಲ್ಲೆಯಲ್ಲಿ ಒಂದು ಆದೇಶ ಹೊರಡುತ್ತದೆ: ನಾಳೆ ಶಾಲೆಗಳಿಗೆ ಮಳೆ ರಜೆ. ಅರ್ಧ ಗಂಟೆಯೊಳಗೆ ಆ ಸುದ್ದಿ ಭಾಗಮಂಡಲದ ಮೇಲಿನ ಒಂಟಿ ಮನೆಗೂ ಕುಟ್ಟದ ಗಡಿಯಲ್ಲಿ ತೋಟದ ಕೆಲಸಗಾರರು ಸಾಲಾಗಿ ವಾಸಿಸುವ ಲೈನ್‌ಮನೆಗೂ ಮುಟ್ಟಿರುತ್ತದೆ. ಕರೆಂಟ್ ಹೋಗಿ ಎರಡು ದಿನವಾದ ಊರಿಗೂ ಹೇಗೋ ಮುಟ್ಟಿರುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳಿಗೆ, ಅವರಿಂದ ಮುಖ್ಯ ಶಿಕ್ಷಕರಿಗೆ, ಅಲ್ಲಿಂದ ವಾಟ್ಸ್ಆ್ಯಪ್ ಗುಂಪುಗಳಿಗೆ, ಮೊಬೈಲ್ ಇಲ್ಲದ ಮನೆಗೆ ಜೀಪಿನ ಚಾಲಕನ ಬಾಯಿಂದ. ಹದಿನೆಂಟು ವರ್ಷಗಳಿಂದ ಇದೇ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಕಲಿಸುತ್ತಿರುವ ನಾನು ಈ ವ್ಯವಸ್ಥೆಯನ್ನು ಬೆರಗಿನಿಂದಲೇ ನೋಡುತ್ತೇನೆ. ಇದರಿಂದ ಮಕ್ಕಳ ಪ್ರಾಣ ಉಳಿದಿದೆ.

ಅದೇ ದಾರಿಯಲ್ಲಿ ಇನ್ನೊಂದು ಸುದ್ದಿ ಮಾತ್ರ ಬರುವುದಿಲ್ಲ. ಒಂಬತ್ತನೇ ತರಗತಿಯ ಮಕ್ಕಳನ್ನು ಎರಡು ವಾರ ತನ್ನ ಕೇಂದ್ರಗಳಿಗೆ ಕರೆಸಿಕೊಳ್ಳುವ ಇಸ್ರೊದ ‘ಯುವಿಕಾ’ ಕಾರ್ಯಕ್ರಮದ ಪ್ರಕಟಣೆ ಒಂದು ವರ್ಷ ನನ್ನ ಕೈ ಸೇರಿದಾಗ ಅರ್ಜಿ ಮುಗಿಯಲು ಎರಡು ದಿನ ಉಳಿದಿತ್ತು. ಬೆಂಗಳೂರಿನಲ್ಲಿರುವ ನನ್ನ ತಂಗಿ ಅದನ್ನು ಕಳಿಸಿದ್ದಳು. ನಮ್ಮ ಊರು ಕಣಿವೆಯಲ್ಲಿದೆ, ಶಾಲೆಯ ಬಳಿ ನೆಟ್‌ವರ್ಕ್ ಸಿಗುವುದಿಲ್ಲ. ಒಬ್ಬ ಹುಡುಗನನ್ನೂ ಅವನ ತಂದೆಯ ಮೊಬೈಲನ್ನೂ ಕರೆದುಕೊಂಡು ಹಿಂದಿನ ಗುಡ್ಡ ಹತ್ತಿದೆ. ಒಟಿಪಿ ಬಂದಾಗ ಪುಟದ ಅವಧಿ ಮುಗಿದಿತ್ತು, ಪುಟ ಮತ್ತೆ ತೆರೆದಾಗ ಒಟಿಪಿಯ ಅವಧಿ ಮುಗಿದಿತ್ತು. ಕತ್ತಲಾಯಿತು, ಆನೆ ದಾಟುವ ಜಾಗ, ಇಳಿದು ಬಂದೆವು. ಮರುದಿನ ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಈ ಪತ್ರ ಬರೆಯಲು ಕಾರಣ ಆ ಹುಡುಗನಲ್ಲ, ಅವನಿಗಿಂತ ಎರಡು ವರ್ಷ ಚಿಕ್ಕವಳಾದ ಒಬ್ಬ ಹುಡುಗಿ. ಅವಳ ಹೆಸರು ಇಲ್ಲಿ ಬೇಡ. ಕಾಫಿ ತೋಟವೊಂದರ ಲೈನ್‌ಮನೆಯಲ್ಲಿ ಬೆಳೆದವಳು. ತಂದೆ ತಾಯಿ ಇಬ್ಬರೂ ಅದೇ ತೋಟದಲ್ಲಿ ಕೆಲಸಕ್ಕಿದ್ದಾರೆ. ತೋಟದ ಲೆಕ್ಕ ಬರೆಯುವ ರೈಟರ್ ಬಳಸಿ ಬಿಟ್ಟ ಹಳೆಯ ಲೆಕ್ಕದ ಪುಸ್ತಕವೊಂದನ್ನು ಕೇಳಿ ತಂದು, ಅದರ ಹಿಂಬದಿಯ ಖಾಲಿ ಹಾಳೆಗಳಲ್ಲಿ ಬರೆಯಲು ಶುರು ಮಾಡಿದಳು. ಮೊದಲು ಮಳೆ. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಹೇಳುವ ರೂಢಿ (ನೂರು ಸೆಂಟ್ ಸೇರಿದರೆ ಒಂದು ಇಂಚು) ಇರುವುದರಿಂದ ಅವಳೂ ಹಾಗೆಯೇ ಬರೆದಳು: ‘ಒಂದು ಇಂಚು ಹತ್ತು ಸೆಂಟ್, ರಾತ್ರಿ.’ ಫೆಬ್ರವರಿ ಕೊನೆಗೆ ಹೂಮಳೆ, ಅಂದರೆ ಕಾಫಿಯನ್ನು ಹೂ ಬಿಡಿಸುವ ಮಳೆ, ಬಿತ್ತು. ಎಂಟು ಹತ್ತು ದಿನಗಳಲ್ಲಿ ರೋಬಸ್ಟಾ ಕಾಫಿ ತೋಟವೆಲ್ಲ ಒಂದೇ ಬೆಳಗ್ಗೆ ಬೆಳ್ಳಗಾಯಿತು. ಆ ಪರಿಮಳ ಕೊಡಗಿನಲ್ಲಿ ಇದ್ದವರಿಗೆಲ್ಲ ಗೊತ್ತು. ಹೂವಿಗೆ ಬರುವ ಜೇನುಗಳನ್ನೂ, ದೊಡ್ಡ ಹೆಜ್ಜೇನು ಎಷ್ಟು, ಚಿಕ್ಕ ತುಡುವೆ ಎಷ್ಟು ಎಂದು ಅವಳು ಎಣಿಸಿದಳು. ಅವಳ ಪುಸ್ತಕದಲ್ಲಿ ಅಂದಿನ ಪುಟ ಹೀಗಿದೆ: ‘ಬೆಳಿಗ್ಗೆ 8, ದೇವರಕಾಡಿನ ಬೇಲಿ ಪಕ್ಕ, ಹತ್ತು ನಿಮಿಷ: ಹೆಜ್ಜೇನು 14, ತುಡುವೆ 3. ಬೆಳಿಗ್ಗೆ 8.30, ಲೈನ್ ಪಕ್ಕ, ಹತ್ತು ನಿಮಿಷ: ಹೆಜ್ಜೇನು 5, ತುಡುವೆ 4. ಒಂದು ಕಪ್ಪು ನೊಣ, ಹೆಸರು ಗೊತ್ತಿಲ್ಲ.’

ಹೆಸರು ಗೊತ್ತಿಲ್ಲ ಎಂದು ಬರೆದಿಡುವ ಹದಿನಾಲ್ಕು ವರ್ಷದ ಮಗುವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಮ್ಮ ಮಕ್ಕಳಿಗೆ ಗೊತ್ತಿಲ್ಲದ್ದನ್ನು ಮುಚ್ಚಿಡಲು ನಾವೇ ಕಲಿಸಿಬಿಟ್ಟಿದ್ದೇವೆ. ಉತ್ತರ ಪತ್ರಿಕೆಯಲ್ಲಿ ಖಾಲಿ ಜಾಗ ಬಿಡಬೇಡಿ, ಏನಾದರೂ ಬರೆಯಿರಿ ಎನ್ನುತ್ತೇವೆ. ನಾನೂ ಎಷ್ಟೋ ಸಲ ಹಾಗೆ ಹೇಳಿದ್ದೇನೆ.

ಅವಳ ಪ್ರಶ್ನೆ ಸರಳವಾಗಿತ್ತು. ದೇವರಕಾಡಿನ ಪಕ್ಕದ ಗಿಡಗಳಿಗೆ ಹೆಜ್ಜೇನು ಹೆಚ್ಚು ಬರುವುದಾದರೆ ಅಲ್ಲಿ ಕಾಯಿಯೂ ಹೆಚ್ಚು ಕಚ್ಚುತ್ತದೆಯೇ? ಅರೇಬಿಕಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಆದ್ದರಿಂದ ಜೇನಿನ ಮಾತು ರೋಬಸ್ಟಾ ತೋಟದಲ್ಲಿ ಹಣದ ಮಾತೂ ಹೌದು. ಇದೇ ಜಿಲ್ಲೆಯ ಕಾಫಿ ತೋಟಗಳಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಇದನ್ನೇ ಕುರಿತು ಕೆಲಸ ಮಾಡಿದ್ದಾರೆ, ದೂರದ ದೇಶಗಳಿಂದಲೂ ಸಂಶೋಧಕರು ಬಂದು ಹೋಗಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಅವಳಿಗೆ ಅದು ಯಾವುದೂ ತಿಳಿದಿರಲಿಲ್ಲ. ಬೇಲಿಯ ಪಕ್ಕ ನಿಂತು ಅದೇ ಪ್ರಶ್ನೆಗೆ ತಾನಾಗಿ ಬಂದು ಸೇರಿದ್ದಳು.

ಪರೀಕ್ಷೆಯ ನಡುವೆಯೇ ಇಪ್ಪತ್ತು ರೆಕ್ಕೆಗಳಿಗೆ (ಕಾಫಿ ಗಿಡದ ಅಡ್ಡ ಕೊಂಬೆಗಳಿಗೆ) ಕೆಂಪು ದಾರ ಕಟ್ಟಿ ಹೂ ಎಣಿಸಿದಳು. ಹತ್ತು ಬೇಲಿಯ ಕಡೆ, ಹತ್ತು ಲೈನ್ ಕಡೆ. ಕಾಯಿ ಎಣಿಸಲು ಮೇ ತಿಂಗಳವರೆಗೆ ಕಾಯಬೇಕು. ಏಪ್ರಿಲ್ ಮೊದಲ ವಾರ ನನ್ನ ಬಳಿ ಬಂದು ಕೇಳಿದಳು: ‘ಟೀಚರ್, ಹತ್ತು ಸಾಕಾ? ನಾನು ಚೆನ್ನಾಗಿ ಹೂ ಬಿಟ್ಟ ರೆಕ್ಕೆಗಳನ್ನೇ ನೋಡಿ ಕಟ್ಟಿದೆ ಅನಿಸುತ್ತಿದೆ. ಅದು ತಪ್ಪಾ?’

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವಳು. ನಮ್ಮಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರ ಹುದ್ದೆ ಖಾಲಿ ಇರುವುದರಿಂದ ಜೀವಶಾಸ್ತ್ರವನ್ನೂ ನಾನೇ ಕಲಿಸುತ್ತೇನೆ, ಪುಸ್ತಕದಲ್ಲಿ ಇರುವಷ್ಟನ್ನು. ಅವಳ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ. ಉತ್ತರ ಗೊತ್ತಿರುವವರು ನಮ್ಮ ಶಾಲೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿದ್ದರು.

ಕೊಡಗಿನ ಎಷ್ಟು ಪೋಷಕರಿಗೆ ಇದು ತಿಳಿದಿದೆಯೋ ಕಾಣೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ಅದೇ ಚೆಟ್ಟಳ್ಳಿಯಲ್ಲಿ ಕಿತ್ತಳೆ, ಬೆಣ್ಣೆಹಣ್ಣು, ರಂಬುಟಾನ್‌ಗಳ ಮೇಲೆ ಕೆಲಸ ಮಾಡುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಮಡಿಕೇರಿ ಬಳಿಯ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಏಲಕ್ಕಿಯ ಮೇಲೆ ಕೆಲಸ ಮಾಡುತ್ತಿದೆ. ಪೊನ್ನಂಪೇಟೆಯಲ್ಲಿ 1995ರಿಂದ ಅರಣ್ಯ ಮಹಾವಿದ್ಯಾಲಯವಿದೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಇದೆ. ಇಷ್ಟು ಚಿಕ್ಕ ಜಿಲ್ಲೆಗೆ ಇಷ್ಟು ಸಂಶೋಧನೆ! ಅವುಗಳ ಬೋರ್ಡುಗಳನ್ನು ನಮ್ಮ ಮಕ್ಕಳು ದಿನಾ ಬಸ್ಸಿನ ಕಿಟಕಿಯಿಂದ ಓದುತ್ತಾರೆ. ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ‘ಗಿಡ ಮಾರುತ್ತಾರೆ’ ಎನ್ನುತ್ತಾರೆ.

ಮುಖ್ಯ ಶಿಕ್ಷಕರ ಪತ್ರ ಹಿಡಿದು ನಾವಿಬ್ಬರೂ ಒಂದು ಸಂಶೋಧನಾ ಸಂಸ್ಥೆಗೆ ಹೋದೆವು. ಯಾವುದು ಎಂದು ಹೇಳುವುದಿಲ್ಲ, ಏಕೆಂದರೆ ತಪ್ಪು ಆ ಒಂದು ಕಚೇರಿಯದಲ್ಲ, ಬೇರೆ ಎಲ್ಲಿಗೆ ಹೋಗಿದ್ದರೂ ಅದೇ ಆಗುತ್ತಿತ್ತು. ಪದವಿ ವಿದ್ಯಾರ್ಥಿಗಳಿಗೆ ಮಾತ್ರ ಅವಕಾಶ, ವಿಶ್ವವಿದ್ಯಾಲಯದ ಪತ್ರ ಬೇಕು, ಹೈಸ್ಕೂಲಿನವರನ್ನು ಸೇರಿಸಿಕೊಳ್ಳಲು ನಿಯಮವಿಲ್ಲ ಎಂದರು. ಯಾರೂ ಒರಟಾಗಿ ಮಾತನಾಡಲಿಲ್ಲ. ನಿಯಮವಿಲ್ಲ, ಅಷ್ಟೆ. ಹೊರಡುವಾಗ ಅಲ್ಲಿಯ ವಿಜ್ಞಾನಿಯೊಬ್ಬರು ಜಗಲಿಗೆ ಬಂದು, ಹುಡುಗಿಯ ಕೈಯಲ್ಲಿದ್ದ ಪುಸ್ತಕ ನೋಡಿ, ‘ಏನಮ್ಮಾ ಅದು?’ ಎಂದರು. ನಿಂತೇ ಪುಟ ತಿರುವಿದರು. ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು, ಗಿಡಗಳಿಗೆ ಸಂಖ್ಯೆ ಕೊಡುವುದು, ಚೀಟಿ ಎತ್ತಿ ಗಿಡ ಆರಿಸುವುದು, ಪ್ರತಿ ಗಿಡದಲ್ಲಿ ಬೇರೆ ಬೇರೆ ಎತ್ತರದ ರೆಕ್ಕೆ ತೆಗೆದುಕೊಳ್ಳುವುದು, ನೆರಳು ಎಷ್ಟಿದೆ ಎಂದು ಗುರುತು ಹಾಕುವುದು, ಇವನ್ನೆಲ್ಲ ಬರೆದು ತೋರಿಸಿದರು. ‘ಕಣ್ಣು ಆರಿಸಿದರೆ ಕಣ್ಣು ತನಗೆ ಬೇಕಾದ್ದನ್ನೇ ಆರಿಸುತ್ತದೆ. ಚೀಟಿಗೆ ಆಸೆ ಇರುವುದಿಲ್ಲ’ ಎಂದರು. ಬೇಲಿಯ ಪಕ್ಕದ ಗಿಡಗಳಿಗೆ ಬಿಸಿಲು ಹೆಚ್ಚು ಬೀಳುತ್ತಿದ್ದರೆ ಕಾಯಿ ಹೆಚ್ಚಾಗಿದ್ದು ಜೇನಿನಿಂದಲೋ ಬಿಸಿಲಿನಿಂದಲೋ ಹೇಗೆ ಹೇಳುತ್ತೀ ಎಂದು ಕೇಳಿದರು. ಹುಡುಗಿ ತುಂಬ ಹೊತ್ತು ಸುಮ್ಮನಿದ್ದು, ‘ಬಲೆ ಕಟ್ಟಿ ಜೇನು ಬರದ ಹಾಗೆ ಮಾಡಿದರೆ?’ ಎಂದಳು. ಅವರ ಮುಖದಲ್ಲಿ ಮೂಡಿದ ಸಂತೋಷ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಳಗಿನಿಂದ ಕರೆ ಬಂತು, ಅವರು ಹೋದರು. ಎಲ್ಲ ಸೇರಿ ಹದಿನೈದು ನಿಮಿಷ.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ತನ್ನ ಇಪ್ಪತ್ತು ಕೆಂಪು ದಾರಗಳ ಲೆಕ್ಕವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ‘ಮುಂದಿನ ವರ್ಷ ಸರಿಯಾಗಿ ಮಾಡುತ್ತೇನೆ ಟೀಚರ್’ ಎಂದಳು.

ಇದನ್ನು ನಾನು ಸಂಶೋಧನೆ ಎನ್ನುತ್ತೇನೆ. ಹೊಳೆಯುವ ಯಂತ್ರ, ಬಿಳಿ ಕೋಟು ಇದ್ದರೆ ಒಳ್ಳೆಯದೇ. ಆದರೆ ತನ್ನ ಎರಡು ತಿಂಗಳ ಕೆಲಸ ಸರಿಯಿಲ್ಲ ಎಂದು ತಾನೇ ಕಂಡುಕೊಂಡು ಗೆರೆ ಎಳೆಯುವ ಧೈರ್ಯವನ್ನು ಯಂತ್ರ ಕಲಿಸುವುದಿಲ್ಲ. ಆ ಕೆಲಸ ಬಲ್ಲ ಒಬ್ಬ ಮನುಷ್ಯ ಎದುರಿಗೆ ನಿಂತು ಕಲಿಸಬೇಕು.

ಹೈಸ್ಕೂಲು ಮಕ್ಕಳಿಗೆ ಈಗ ಏನೇನು ಅವಕಾಶವಿದೆ ಎಂದು ನಾನು ಒಂದು ವರ್ಷ ಕೂತು ಹುಡುಕಿದ್ದೇನೆ. ಪೋಷಕರೂ ಶಿಕ್ಷಕರೂ ಓದುತ್ತಿದ್ದರೆ ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತೇನೆ. 2019ರಲ್ಲಿ ಆರಂಭವಾದ ಯುವಿಕಾ ಒಂಬತ್ತನೇ ತರಗತಿಯವರಿಗೆ. ಶಿಬಿರ ನಡೆಯುವುದು ಮೇ ತಿಂಗಳಲ್ಲಿ, ಅರ್ಜಿ ಬರುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಎಂಟನೇ ತರಗತಿಯ ಅಂಕ, ಒಂದು ಆನ್‌ಲೈನ್ ರಸಪ್ರಶ್ನೆ, ವಿಜ್ಞಾನ ಮೇಳಗಳಲ್ಲಿ ಭಾಗವಹಿಸಿದ್ದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಪಂಚಾಯಿತಿ ವ್ಯಾಪ್ತಿಯ ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕವಿದೆ, ಅಂದರೆ ನಮ್ಮ ಮಕ್ಕಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿಯಮ. ಪ್ರಯಾಣ, ಊಟ, ವಸತಿಯ ಖರ್ಚನ್ನು ಇಸ್ರೊ ನೋಡಿಕೊಳ್ಳುತ್ತದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಗುವಿನ ಒಂದು ಹೊಸ ಆಲೋಚನೆ ಆಯ್ಕೆಯಾದರೆ ಅದನ್ನು ಮಾಡಿ ತೋರಿಸಲು 10,000 ರೂಪಾಯಿ ಸಿಗುತ್ತದೆ. ಮಗು ನೇರವಾಗಿ ಅರ್ಜಿ ಹಾಕುವಂತಿಲ್ಲ, ಶಾಲೆಯೇ ನಮೂದಿಸಬೇಕು. ಮುಖ್ಯ ಶಿಕ್ಷಕರು ಮನಸ್ಸು ಮಾಡದಿದ್ದರೆ ಆ ಬಾಗಿಲು ಇದ್ದೂ ಇಲ್ಲದಂತೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಹತ್ತರಿಂದ ಹದಿನೇಳು ವರ್ಷದವರಿಗೆ. ತಮ್ಮೂರಿನ ಸಮಸ್ಯೆಯನ್ನು ತಾವೇ ಅಧ್ಯಯನ ಮಾಡಿ ವರದಿ ಬರೆಯಬೇಕು, ಕನ್ನಡದಲ್ಲಿಯೇ ಬರೆಯಬಹುದು. ನಮ್ಮ ರಾಜ್ಯದಲ್ಲಿ ಇದನ್ನು ಹಳ್ಳಿಹಳ್ಳಿಗೆ ಒಯ್ದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಋಣ ನನ್ನಂಥ ಶಿಕ್ಷಕರ ಮೇಲೆ ದೊಡ್ಡದಿದೆ. ವಿಜ್ಞಾನ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆ ನವೆಂಬರ್‌ನಲ್ಲಿ ನಡೆಯುತ್ತದೆ. ಅದರಲ್ಲೂ ಮುಂದಿನ ಹಂತದ ಪರೀಕ್ಷೆಯಲ್ಲೂ ಮೇಲೆ ಬಂದವರಿಗೆ ಬೇಸಿಗೆಯಲ್ಲಿ ಮುಂಬಯಿಯ ಹೋಮಿ ಭಾಭಾ ಕೇಂದ್ರದಲ್ಲಿ ಶಿಬಿರವಿರುತ್ತದೆ. ಅದು ಕಠಿಣವಾದ ದಾರಿ, ತುಂಬ ಕೆಲವರಿಗಷ್ಟೇ.

ಒಂದು ಕಾಲಕ್ಕೆ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಎಂಬುದೂ ಇತ್ತು. 1999ರಲ್ಲಿ ಶುರುವಾಗಿ, ಪಿಯುಸಿ ಮಕ್ಕಳಿಂದ ಹಿಡಿದು ಪದವಿಯ ಆರಂಭದಲ್ಲಿರುವವರ ತನಕ ವಿಜ್ಞಾನದ ಕಡೆಗೆ ಸೆಳೆದ ಯೋಜನೆ. 2022ರಲ್ಲಿ ಅದು ನಿಂತಿತು. ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಬಹಳ ಒಳ್ಳೆಯದು, ಆದರೆ ಅದು ಕಾಲೇಜಿನವರಿಗೆ.

ಈ ಖಾಲಿ ಜಾಗಕ್ಕೆ ಈಗ ಬೇರೆಯವರು ಬಂದು ಕೂತಿದ್ದಾರೆ. ‘ಹೈಸ್ಕೂಲು ಮಕ್ಕಳಿಗೆ ಬೇಸಿಗೆ ಸಂಶೋಧನೆ, ಎರಡು ವಾರ ಆನ್‌ಲೈನ್, ಕೊನೆಗೆ ಪ್ರಮಾಣಪತ್ರ ಮತ್ತು ಪ್ರಬಂಧ ಪ್ರಕಟಣೆ’ ಎಂಬ ಜಾಹೀರಾತುಗಳನ್ನು ಪೋಷಕರು ನನಗೆ ಕಳಿಸುತ್ತಾರೆ. ಸಾವಿರಗಳಿಂದ ಲಕ್ಷಗಳವರೆಗೆ ಶುಲ್ಕ. ಕೈಯಲ್ಲಿ ಹಣವಿದ್ದವರೂ ಇಂಥದ್ದಕ್ಕೆ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ ಎಂದು ನಾನು ಬೇಡಿಕೊಳ್ಳುತ್ತೇನೆ: ಆ ಎರಡು ವಾರದ ಕೊನೆಗೆ ಬರುವ ಉತ್ತರ ಅಲ್ಲಿ ಯಾರಿಗಾದರೂ ಮೊದಲೇ ಗೊತ್ತಿದೆಯೇ? ಗೊತ್ತಿದ್ದರೆ ಅದು ತರಬೇತಿ. ತರಬೇತಿಯೂ ಬೇಕು, ಆದರೆ ಅದಕ್ಕೆ ಸಂಶೋಧನೆಯ ಬೆಲೆ ತೆರಬೇಡಿ. 1984ರಲ್ಲಿ ಆರಂಭವಾಗಿ ಈಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ ಹೈಸ್ಕೂಲು ಮಕ್ಕಳ ಆರು ವಾರಗಳ ಬೇಸಿಗೆ ಸಂಶೋಧನಾ ಕಾರ್ಯಕ್ರಮ ಜಗತ್ತಿನಲ್ಲೇ ಹೆಸರಾದದ್ದು. ಅಲ್ಲಿಯೂ ಆಯ್ಕೆಯಾದ ಮಕ್ಕಳಿಂದ ಶುಲ್ಕ ಪಡೆಯುವುದಿಲ್ಲ.

ನಾನು ಕೇಳುವುದು ಎಂಐಟಿಯನ್ನಲ್ಲ.

ಬೇಸಿಗೆ ರಜೆಯಲ್ಲಿ, ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ, ಜಿಲ್ಲೆಯ ಪ್ರತಿ ಸಂಶೋಧನಾ ಕೇಂದ್ರವೂ ಎಂಟರಿಂದ ಹತ್ತನೇ ತರಗತಿಯ ನಾಲ್ಕೈದು ಮಕ್ಕಳನ್ನು ಹದಿನೈದು ದಿನ ಜೊತೆಗಿಟ್ಟುಕೊಳ್ಳಲಿ. ಅವರಿಗೆ ಪ್ರತ್ಯೇಕ ಪಾಠ ಬೇಡ. ನಿಮ್ಮ ಕೆಲಸ ನಡೆಯುವಲ್ಲಿ ಅವರೂ ಇರಲಿ. ಕೊರಕ ಹುಳು ಹಿಡಿಯುವ ಬೋರರ್ ಬಲೆಯಲ್ಲಿ ಬಿದ್ದ ಕೀಟ ಎಣಿಸಲಿ. ಕಾಯಿಕೊರಕ ಹೊಕ್ಕ ಕಾಯಿಯನ್ನೂ ಹೊಕ್ಕದ ಕಾಯಿಯನ್ನೂ ಬೇರ್ಪಡಿಸಲಿ. ಬಿಳಿ ಕಾಂಡಕೊರಕ ಹುಳು ಹೊಕ್ಕ ಗಿಡ ಗುರುತಿಸುವುದು ನಮ್ಮ ತೋಟದ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಎಷ್ಟೋ ಜನರಿಗೆ ಬರುತ್ತದೆ. ಅದನ್ನು ಅಳೆಯುವುದು ಹೇಗೆ ಎಂದು ನೀವು ಕಲಿಸಿ. ಔಷಧಿ ಸಿಂಪಡಿಸುವ ಕಡೆಗೆ, ರಾಸಾಯನಿಕಗಳ ಕೋಣೆಗೆ ಅವರನ್ನು ಬಿಡಬೇಡಿ, ಆ ಎಚ್ಚರ ನಮಗೂ ಇದೆ. ಪೋಷಕರ ಒಪ್ಪಿಗೆ ಪತ್ರ ನಾವು ತರುತ್ತೇವೆ, ಶಾಲೆಯಿಂದ ಒಬ್ಬ ಶಿಕ್ಷಕರು ಜೊತೆಗಿರುತ್ತಾರೆ. ನಾನಂತೂ ರಜೆ ಬಿಟ್ಟು ಬರಲು ಸಿದ್ಧ. ನನಗೂ ಕಲಿಯಬೇಕಾಗಿದೆ.

ಅಪ್ಪಂಗಳದ ವಿಜ್ಞಾನಿಗಳಿಗೆ ಒಂದು ಮಾತು. ಏಲಕ್ಕಿಯ ನಂಜುರೋಗಕ್ಕೆ ನಮ್ಮ ಮಲೆನಾಡಿನ ಬೆಳೆಗಾರರು ಇಟ್ಟ ಹೆಸರು ‘ಕಟ್ಟೆ’. ಇನ್ನೊಂದು ರೋಗಕ್ಕೆ ‘ಕೊಕ್ಕೆ ಕಂದು’. ಈ ಹೆಸರುಗಳು ಹಾಗೆಯೇ ಇಂಗ್ಲಿಷಿನ ವಿಜ್ಞಾನ ಪ್ರಬಂಧಗಳನ್ನು ಸೇರಿವೆ. ತೋಟದಲ್ಲಿ ಬಗ್ಗಿ ಎಲೆ ನೋಡಿದ ಯಾರೋ ಒಬ್ಬರ ಕನ್ನಡದ ಮಾತನ್ನು ಜಗತ್ತಿನ ವಿಜ್ಞಾನಿಗಳು ಬಳಸುತ್ತಿದ್ದಾರೆ ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ನೆಟ್ಟಗೆ ಕೂತರು. ಆದ್ದರಿಂದ ಅರ್ಜಿ ಕನ್ನಡದಲ್ಲಿರಲಿ, ಒಂದೇ ಪುಟದಲ್ಲಿರಲಿ, ಕಾಗದದಲ್ಲಿ ಬರೆದು ಶಾಲೆಗೆ ಕೊಟ್ಟರೆ ಸಾಕು ಎನ್ನುವಂತಿರಲಿ. ಅಂಕಪಟ್ಟಿ ಕೇಳಬೇಡಿ. ‘ನಿನ್ನ ಊರಿನಲ್ಲಿ ನೀನು ನೋಡಿದ, ಆದರೆ ಯಾಕೆ ಹಾಗೆ ಎಂದು ನಿನಗೆ ಗೊತ್ತಿಲ್ಲದ ಒಂದು ಸಂಗತಿ ಬರೆ’ ಎಂದು ಕೇಳಿ. ಎಂಥ ಕಾಗದಗಳು ಬರುತ್ತವೆ ನೋಡಿ!

ಏಕೆಂದರೆ ನಮ್ಮ ಮಕ್ಕಳು ನೋಡಿರುವುದು ಬಹಳ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದಾಗ ಚಿಕ್ಕವರಾಗಿದ್ದವರು ಈಗ ನನ್ನ ತರಗತಿಯಲ್ಲಿದ್ದಾರೆ. ಈ ಗುಡ್ಡ ಜಾರಿತು, ಪಕ್ಕದ್ದು ಯಾಕೆ ಜಾರಲಿಲ್ಲ ಎಂದು ಅವರು ಕೇಳುತ್ತಾರೆ. ಕುಶಾಲನಗರದ ಕಡೆ ಬೀಳುವ ಮಳೆಯ ಹಲವು ಪಟ್ಟು ಮಳೆ ಎಪ್ಪತ್ತು ಕಿಲೋಮೀಟರಿನೊಳಗೆ ಭಾಗಮಂಡಲದಲ್ಲಿ ಬೀಳುವುದು ಯಾಕೆ ಎಂದು ಕೇಳುತ್ತಾರೆ. ಶನಿವಾರಸಂತೆಯ ಕಡೆಯ ಮಗು ಆಫ್ರಿಕಾದ ದೊಡ್ಡ ಬಸವನಹುಳು ತಮ್ಮ ತೋಟಕ್ಕೆ ಹೇಗೆ ಬಂತು ಎಂದು ಕೇಳುತ್ತದೆ. ಬುಡಕಟ್ಟು ಜನರ ಹಾಡಿಯಿಂದ ಬರುವ ಮಗು ಯಾವ ಮರಕ್ಕೆ ಹೆಜ್ಜೇನು ಪ್ರತಿ ವರ್ಷ ಮರಳುತ್ತದೆ ಎಂದು ಹೇಳಬಲ್ಲದು. ಅದೇ ಮಗು ವಿಜ್ಞಾನದಲ್ಲಿ ಹದಿನೆಂಟು ಅಂಕ ತೆಗೆದು ತಲೆ ತಗ್ಗಿಸಿ ನಿಲ್ಲುವುದನ್ನು ನಾನು ನೋಡಲಾರೆ.

ಜಿಲ್ಲಾಧಿಕಾರಿಗಳಲ್ಲಿ ನನ್ನ ಕೋರಿಕೆ ಎರಡೇ. ಮೊದಲನೆಯದು, ಜನವರಿ ತಿಂಗಳಲ್ಲಿ ಜಿಲ್ಲೆಯ ಎಲ್ಲ ಪ್ರೌಢಶಾಲೆಗಳಿಗೆ ಒಂದು ಸುತ್ತೋಲೆ: ಆ ವರ್ಷ ಮಕ್ಕಳಿಗೆ ಯಾವ ಯಾವ ವಿಜ್ಞಾನ ಕಾರ್ಯಕ್ರಮಗಳಿವೆ, ಕೊನೆಯ ದಿನ ಯಾವುದು, ನೆಟ್‌ವರ್ಕ್ ಇಲ್ಲದ ಶಾಲೆಯ ಮಕ್ಕಳು ಎಲ್ಲಿಗೆ ಬಂದು ಅರ್ಜಿ ತುಂಬಬಹುದು. ಮಳೆ ರಜೆಯ ಆದೇಶ ಹೋಗುವ ದಾರಿಯಲ್ಲೇ ಅದೂ ಹೋಗಲಿ, ಅಷ್ಟೇ ವೇಗವಾಗಿ. ಎರಡನೆಯದು, ಬಸ್ಸು ಮತ್ತು ಊಟ. ವಿದ್ಯಾರ್ಥಿ ಪಾಸು ಬೇಸಿಗೆ ರಜೆಯಲ್ಲಿ ನಡೆಯುವುದಿಲ್ಲ, ಶಾಲೆಯ ಬಿಸಿಯೂಟವೂ ಸಾಮಾನ್ಯವಾಗಿ ಇರುವುದಿಲ್ಲ. ಎಷ್ಟು ಒಳ್ಳೆಯ ಕಾರ್ಯಕ್ರಮ ಮಾಡಿದರೂ ದಿನಾ ಬಸ್ಸಿಗೆ ಹಣ ಕೊಡಲಾಗದ ಮಗು ಮೂರನೇ ದಿನ ಬರುವುದಿಲ್ಲ. ರಜೆಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹೊಣೆ ದೊಡ್ಡ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಆ ಹದಿನೈದು ದಿನ ಅಂಗನವಾಡಿ, ಗ್ರಾಮ ಪಂಚಾಯಿತಿಗಳ ಸಹಾಯ ಸಿಗುವುದಾದರೆ ಹುಡುಗಿಯರೂ ಬರುತ್ತಾರೆ. ಇವನ್ನು ಮರೆತು ಮಾಡುವ ಯೋಜನೆ ಮಡಿಕೇರಿ ಪೇಟೆಯ ಮಕ್ಕಳಿಗಷ್ಟೇ ದಕ್ಕುತ್ತದೆ.

ತೋಟದ ಮಾಲೀಕರಲ್ಲಿಯೂ ಒಂದು ವಿನಂತಿ ಇದೆ. ನಿಮ್ಮ ಮನೆಗಳಲ್ಲಿ ಮಳೆ ಪುಸ್ತಕಗಳಿವೆ. ನಿಮ್ಮ ತಂದೆ, ಅಜ್ಜ, ಕೆಲವು ಮನೆಗಳಲ್ಲಿ ಮುತ್ತಜ್ಜ, ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ ಬರೆದಿಟ್ಟಿದ್ದಾರೆ. ಒಂದು ಮನೆಯಲ್ಲಿ ನಾನು ನೋಡಿದ ಪುಸ್ತಕದ ಬದಿಯಲ್ಲಿ ಗೆದ್ದಲು ಹತ್ತಿತ್ತು. ಆ ಪುಸ್ತಕಗಳನ್ನು ಯಾರಿಗೂ ಕೊಡಬೇಡಿ, ಮನೆಯಲ್ಲೇ ಇರಲಿ. ಬೇಸಿಗೆಯಲ್ಲಿ ಇಬ್ಬರು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ನಕಲು ಮಾಡಿಕೊಳ್ಳಲು ಬಿಡಿ. ಐವತ್ತು ಮನೆಗಳ ಪುಸ್ತಕ ಒಂದೆಡೆ ಸೇರಿದರೆ ಹೂಮಳೆ ಹಿಂದೆ ಯಾವಾಗ ಬರುತ್ತಿತ್ತು, ಈಗ ಯಾವಾಗ ಬರುತ್ತಿದೆ ಎಂಬ ಪ್ರಶ್ನೆಗೆ ನಮ್ಮ ಮಕ್ಕಳೇ ಉತ್ತರ ಹುಡುಕಬಹುದು. ಅದಕ್ಕೆ ಸೂಕ್ಷ್ಮದರ್ಶಕವೂ ಬೇಡ, ಬೆಂಗಳೂರೂ ಬೇಡ. ಒಂದು ಲೋಟ ಕಾಫಿ ಕೊಟ್ಟರೆ ಮಕ್ಕಳು ಮಧ್ಯಾಹ್ನದವರೆಗೆ ಬರೆಯುತ್ತಾರೆ.

ಮಕ್ಕಳೇ, ನೀವು ಇದನ್ನು ಓದುತ್ತಿದ್ದರೆ ಯಾರ ಆದೇಶಕ್ಕೂ ಕಾಯಬೇಡಿ. ಒಂದು ಪುಸ್ತಕ ಹಿಡಿಯಿರಿ, ದಿನಾಂಕ ಹಾಕಿ. ಎರಡು ಲೀಟರ್ ನೀರಿನ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿಕೊಳ್ಳಿ. ಮನೆಯ ಹತ್ತಿರದ ಒಂದು ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು, ಹೂ, ಕಾಯಿ ಬರೆದಿಡಿ. ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮದಲ್ಲಿ ದೇಶದ ಬೇರೆ ಬೇರೆ ಕಡೆಯ ಶಾಲಾ ಮಕ್ಕಳು ಹೀಗೆಯೇ ಮರಗಳನ್ನು ಗಮನಿಸಿ ಬರೆಯುತ್ತಾರೆ, ನೀವೂ ಸೇರಬಹುದು. ವಿಜ್ಞಾನಿಗಳಿಗೆ ಪತ್ರ ಬರೆಯುವುದಾದರೆ ‘ನನಗೆ ವಿಜ್ಞಾನದಲ್ಲಿ ಆಸಕ್ತಿ ಇದೆ, ಅವಕಾಶ ಕೊಡಿ’ ಎಂದಷ್ಟೇ ಬರೆಯಬೇಡಿ, ಅಂಥ ಪತ್ರಗಳು ಅವರಿಗೆ ಬೇಕಾದಷ್ಟು ಬರುತ್ತವೆ. ನೀವು ಏನು ನೋಡಿದಿರಿ, ಎಷ್ಟು ದಿನ ನೋಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಬರೆಯಿರಿ. ಒಂದೇ ಪ್ರಶ್ನೆ ಕೇಳಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ.

ಆ ಹುಡುಗಿ ಹೋದ ಫೆಬ್ರವರಿಯಲ್ಲಿ ಗಿಡಗಳಿಗೆ ಸಂಖ್ಯೆ ಹಾಕಿದಳು. ತಟ್ಟೆಯಲ್ಲಿ ಚೀಟಿ ಹಾಕಿ ತನ್ನ ತಮ್ಮನ ಕೈಯಿಂದ ಎತ್ತಿಸಿದಳು. ಹಳೆಯ ಸೊಳ್ಳೆ ಪರದೆ ಕತ್ತರಿಸಿ ಕೆಲವು ರೆಕ್ಕೆಗಳಿಗೆ ಚೀಲ ಹೊಲಿದು ಹಾಕಿದಳು. ಹೂ ಅರಳಿದ ಮೂರನೇ ದಿನ ಜೋರು ಮಳೆ ಬಂದು ಅರ್ಧ ಚೀಲಗಳು ಹರಿದುಹೋದವು. ಅದನ್ನೂ ಬರೆದಿಟ್ಟಿದ್ದಾಳೆ. ಉಳಿದ ರೆಕ್ಕೆಗಳ ಕಾಯಿ ಎಣಿಸಿದ್ದಾಳೆ, ಆದರೆ ಆ ಸಂಖ್ಯೆಗಳಿಂದ ಏನು ಹೇಳಬಹುದು, ಏನು ಹೇಳಬಾರದು ಎಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ಅವಳು ಈಗ ಹತ್ತನೇ ತರಗತಿ. ಬೇಸಿಗೆ ರಜೆ ಅವಳ ಪಾಲಿಗೆ ನಮ್ಮ ಶಾಲೆಯಲ್ಲಿ ಇನ್ನು ಒಂದೇ ಉಳಿದಿದೆ.

ಪುಸ್ತಕ ನನ್ನ ಮೇಜಿನ ಖಾನೆಯಲ್ಲಿದೆ. ನಿಮ್ಮಲ್ಲಿ ಯಾರು ಕರೆದರೂ, ಯಾವ ದಿನ ಕರೆದರೂ, ಅವಳನ್ನೂ ಪುಸ್ತಕವನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ